ಪೊಯಾಕ್‌ಗೆ ಕಾಯಬೇಕು, ಸೇಂಟ್ ಎಮಿಲಿಯೋಂ ಬಡಿಸಿದರಾಯಿತು

ಫ್ರಾನ್ಸಿನ ವೈನ್ ಸೀಮೆ ಬೋರ್ಡೋದ ಒಂದೇ ಒಂದು ಬಾಟಲಿ ಕೊಳ್ಳುವುದಾದರೆ ನನ್ನ ದುಡ್ಡು ಅಲ್ಲಿನ ಸೇಂಟ್ ಎಮಿಲಿಯೋಂ ಊರಿನ ಕೆಂಪು ವೈನಿಗೆ. ಅದೇ ಸೀಮೆಯ ಪೊಯಾಕ್ ದೊಡ್ಡ ಹೆಸರೇ. ಬೋರ್ಡೋ ತೋಟಗಳಿಗೆ ದರ್ಜೆ ಕೊಟ್ಟ 1855ರ ಶ್ರೇಣಿಪಟ್ಟಿಯಲ್ಲಿರುವ 61 ಕೆಂಪು ವೈನ್ ತೋಟಗಳಲ್ಲಿ 18 ಆ ಒಂದೇ ಊರಿನವು. ಆದರೆ 2016ರ ಫಸಲಿನ ಎರಡನ್ನೂ ಅಕ್ಕಪಕ್ಕ ಇಟ್ಟು ಸವಿದರೆ, ಅದೇ ಸಂಜೆಯ ಊಟಕ್ಕೆ ಒದಗುವುದು ಸೇಂಟ್ ಎಮಿಲಿಯೋಂ.

ಪೊಯಾಕ್‌ನ ಜೀವಾಳ ಕ್ಯಾಬರ್ನೆ ಸೊವಿನ್ಯೋಂ ದ್ರಾಕ್ಷಿ. ಸಣ್ಣ ಕಾಳು, ದಪ್ಪ ಸಿಪ್ಪೆ, ಹಾಗಾಗಿ ಟ್ಯಾನಿನ್ ಹೆಚ್ಚು. ಅಡಿಕೆ ಚೊಗರಿನಲ್ಲಿ ಇರುವ ಒಗರೇ ಇದು: ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಒಸಡನ್ನು ಒಣಗಿಸುತ್ತದೆ. ಮೂಗಿಗೆ ಬ್ಲ್ಯಾಕ್‌ಕರಂಟ್, ಆಗಷ್ಟೇ ಕೆತ್ತಿದ ಪೆನ್ಸಿಲ್. ಸೇಂಟ್ ಎಮಿಲಿಯೋಂನಲ್ಲಿ ಮೆರ್ಲೋ ದ್ರಾಕ್ಷಿ ಮುಂದು. ಮಾಗಿದ ಪ್ಲಮ್ ಪರಿಮಳ, ನಾಲಿಗೆಗೆ ನುಣುಪು. ಯಾವುದರಲ್ಲೇ ಆಗಲಿ ಒದ್ದೆ ರಟ್ಟಿನ ವಾಸನೆ ಬಂದರೆ ಅದು ಕಾರ್ಕ್ ದೋಷ. ಎಷ್ಟು ಹೊತ್ತು ಕಾದರೂ ಹೋಗದು.

ಪೊಯಾಕ್‌ನ ನಿಜವಾದ ಕಿರಿಕಿರಿ ಬೇರೆ. ಈ ವಯಸ್ಸಿನಲ್ಲಿ ಅದಕ್ಕೆ ಎರಡು ಮೂರು ಗಂಟೆ ಗಾಳಿ ಬೇಕು, ಜೊತೆಗೆ ಬಡಿಸುವಾಗ 17–18 ಡಿಗ್ರಿ ಇರಬೇಕು. ಬೆಂಗಳೂರಿನ ಏಪ್ರಿಲ್‌ನಲ್ಲಿ ಎರಡೂ ಒಟ್ಟಿಗೆ ಕೂಡಿಬರುವುದಿಲ್ಲ. ಡಿಕ್ಯಾಂಟರ್‌ನಲ್ಲಿ, ಅಂದರೆ ಗಾಳಿಯಾಡಲು ವೈನ್ ಸುರಿಯುವ ಗಾಜಿನ ಹೂಜಿಯಲ್ಲಿ, ಇಟ್ಟು ಕಾದರೆ ವೈನ್ 28ಕ್ಕೆ ಏರಿ ಹಣ್ಣಿಗಿಂತ ಮೊದಲು ಸ್ಪಿರಿಟ್ ಮೂಗಿಗೆ ಹೊಡೆಯುತ್ತದೆ. ಡಿಕ್ಯಾಂಟರನ್ನೇ ಫ್ರಿಜ್‌ಗೆ ತುರುಕಿದರೆ ಅಗಲ ಬಾಯಿಯಿಂದ ಸಾರಿನ ಇಂಗು ಒಳಗಿಳಿಯುತ್ತದೆ. ತೀರಾ ತಣ್ಣಗಾದರಂತೂ ಒಗರು ಇಮ್ಮಡಿ.

ಉಪಾಯ ಒಂದಿದೆ. ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಮರುದಿನ ಕುತ್ತಿಗೆಯ ಹಿಂದೆ ಟಾರ್ಚ್ ಹಿಡಿದು ನಿಧಾನವಾಗಿ ಜಗ್ಗಿಗೆ ಬಗ್ಗಿಸಿ, ಗಸಿ ಕುತ್ತಿಗೆಗೆ ಬಂದೊಡನೆ ನಿಲ್ಲಿಸಿ. ಖಾಲಿ ಬಾಟಲಿಯನ್ನು ಕುಡಿಯುವ ನೀರಿನಲ್ಲಿ ಜಾಲಿಸಿ ಪೂರ್ತಿ ಬಸಿದು, ಆಲಿಕೆಯಿಂದ ವೈನನ್ನು ಮತ್ತೆ ಅದಕ್ಕೇ ತುಂಬಿ. ಕಾರ್ಕ್ ಇಲ್ಲದೆ ಎರಡು ಗಂಟೆ ಹೊರಗೆ, ಆಮೇಲೆ ಕಾರ್ಕ್ ಹಾಕಿ ಫ್ರಿಜ್‌ನಲ್ಲಿ ಸುಮಾರು ಒಂದೂವರೆ ಗಂಟೆ. ಕೆಲಸವಾಗುತ್ತದೆ, ಆದರೆ ನೆಂಟರು ಬರುವ ದಿನ ಇಷ್ಟು ಪಾಡು ಯಾರು ಪಡುತ್ತಾರೆ?

ಸೇಂಟ್ ಎಮಿಲಿಯೋಂಗೆ ಫ್ರಿಜ್‌ನಲ್ಲಿ ಸುಮಾರು ಒಂದೂವರೆ ಗಂಟೆ, ಗ್ಲಾಸಿನಲ್ಲಿ ಇಪ್ಪತ್ತು ನಿಮಿಷ ಸಾಕು. ಬಿಸಿಲಿನ ವರ್ಷಗಳಲ್ಲಿ ಆಲ್ಕೊಹಾಲ್ 14.5% ಮುಟ್ಟುವುದರಿಂದ ತಂಪು ಮಾತ್ರ ತಪ್ಪಿಸಬೇಡಿ.

ಊಟ: ಕೊಬ್ಬಿರುವ ಮಟನ್ ಚಾಪ್ಸ್ ಪೊಯಾಕ್‌ನ ಒಗರನ್ನು ತಗ್ಗಿಸುತ್ತದೆ, ಮಸಾಲೆಯ ಖಾರ ಅದನ್ನು ಕೆರಳಿಸುತ್ತದೆ. ನಮ್ಮ ಚಾಪ್ಸ್‌ನಲ್ಲಿ ಎರಡೂ ಇರುತ್ತವಲ್ಲ!

ಸೇಂಟ್ ಎಮಿಲಿಯೋಂನ ಲೇಬಲ್ ನೋಡಿ ಮೋಸಹೋಗಬೇಡಿ. ಬರೀ ‘ಗ್ರ್ಯಾಂಡ್ ಕ್ರೂ’ ಎಂದಿದ್ದರೆ ಆ ಊರಿನದೇ ಶ್ರೇಣಿಪಟ್ಟಿಯಲ್ಲಿದೆ ಎಂದಲ್ಲ. ‘ಕ್ಲಾಸೆ’ ಎಂಬ ಪದವೂ ಇರಬೇಕು. ಪೊಯಾಕ್‌ನ ಶ್ರೇಣಿಯ ಬಾಟಲಿ ಬೆಲೆಗೆ ‘ಕ್ಲಾಸೆ’ ಇಲ್ಲದ ಒಳ್ಳೆಯ ಸೇಂಟ್ ಎಮಿಲಿಯೋಂ ಎರಡು ಬರುತ್ತವೆ.

ಒಂದು ವಿಷಯದಲ್ಲಿ ಪೊಯಾಕ್ ಗೆಲ್ಲುತ್ತದೆ. ಅರ್ಧ ಬಾಟಲಿ ಉಳಿದರೆ ಮರುದಿನಕ್ಕೆ ಅದರ ರುಚಿ ಇನ್ನೂ ಅರಳಿರುತ್ತದೆ, ಸೇಂಟ್ ಎಮಿಲಿಯೋಂ ಸಪ್ಪೆಯಾಗಿರುತ್ತದೆ. ಉಳಿದರೆ ತಾನೆ.