ವೇಟಿಂಗ್ ಲಿಸ್ಟ್ ಮೂವ್ ಆಗುತ್ತೆ ಅಂತ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟುಬಿಡಬೇಡಿ

ಮನೆಯಲ್ಲಿ ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಸೀಟಿಗೆ ಕಾಯುತ್ತಿರುವ ಮಕ್ಕಳಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಸಿಇಟಿ ಕೌನ್ಸೆಲಿಂಗ್ ನಡೆಯುತ್ತಿದ್ದ ಹೊತ್ತಿನಲ್ಲೇ ಬೆಂಗಳೂರಿನ ಒಂದು ಡೀಮ್ಡ್ (ಕೇಂದ್ರದಿಂದ ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ) ವಿಶ್ವವಿದ್ಯಾಲಯದ ವೇಟಿಂಗ್ ಲಿಸ್ಟ್‌ನಲ್ಲಿ ನನ್ನ ಮಗಳ ಹೆಸರಿತ್ತು. ಆ ಲಿಸ್ಟ್ ತೋರಿಸಿಯೇ ನಮ್ಮಿಂದ ಮೊದಲ ವರ್ಷದ ಪೂರ್ತಿ ಫೀಸು ಕಟ್ಟಿಸಿಕೊಂಡರು. ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳನ್ನೂ ಇಟ್ಟುಕೊಂಡರು. ಕೊನೆಗೆ ಕೆಇಎ (ಸಿಇಟಿ ನಡೆಸಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೊಟ್ಟ ಸೀಟೂ ಕೈತಪ್ಪುವ ಹಂತಕ್ಕೆ ಬಂತು. ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಬೇರೆ ಕಡೆಗಳಲ್ಲೂ ಇದೇ ಕಥೆ ಅಂತ ಆಮೇಲೆ ಬೇರೆ ಪೋಷಕರಿಂದ ಗೊತ್ತಾಯಿತು.

ಮೊದಲಿಗೆ, ಈ ವೇಟಿಂಗ್ ಲಿಸ್ಟ್ ಅನ್ನೋದು ರೈಲಿನ ವೇಟಿಂಗ್ ಲಿಸ್ಟ್ ಥರ ಅಲ್ಲ. ಅಲ್ಲಿ ಪಿಎನ್ಆರ್ ಹಾಕಿದರೆ ನಂಬರ್ ಎಷ್ಟಕ್ಕೆ ಇಳಿದಿದೆ ಅಂತ ಕಾಣುತ್ತೆ. ಇಲ್ಲಿ ನಿಮ್ಮ ಮುಂದೆ ಎಷ್ಟು ಜನ ಇದ್ದಾರೆ, ಯಾರು ಬಿಟ್ಟುಹೋದರು, ಅವರ ಜಾಗಕ್ಕೆ ಯಾರು ಬಂದರು, ಒಂದೂ ಕಾಣಲ್ಲ. ಕೆಇಎ ಪ್ರತಿ ಸುತ್ತು ಮುಗಿದ ಮೇಲೆ ಯಾವ ಕಾಲೇಜಿನ ಯಾವ ಬ್ರಾಂಚ್ ಯಾವ ರ‍್ಯಾಂಕಿಗೆ ಮುಗಿಯಿತು ಅಂತ ಕೆಟಗರಿವಾರು ಹಾಕುತ್ತದೆ. ನಮಗೆ ಸಿಕ್ಕಿದ್ದು ಮಾತ್ರ ಅಡ್ಮಿಷನ್ ಆಫೀಸಿನ ಒಂದು ಫೋನ್ ನಂಬರು. ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: 'ಲಿಸ್ಟ್ ಮೂವ್ ಆಗ್ತಿದೆ ಮೇಡಂ'.

ಹೀಗಿರುವಾಗ ಒಂದು ಮಧ್ಯಾಹ್ನ ಅವರೇ ಫೋನ್ ಮಾಡಿದರು. ಕಂಪ್ಯೂಟರ್ ಸೈನ್ಸ್ ಇನ್ನೂ ವೇಟಿಂಗ್‌ನಲ್ಲೇ ಇದೆ, ಆದರೆ ಸಿವಿಲ್‌ನಲ್ಲಿ ಒಂದು ಸೀಟು ಇದೆ ಅಂದರು. ಅದನ್ನು ತಗೊಂಡರೆ ನಿಮ್ಮ ಮಗಳು 'ಒಳಗಿನ ಕ್ಯಾಂಡಿಡೇಟ್' ಆಗ್ತಾಳೆ, ಸ್ಲೈಡಿಂಗ್‌ನಲ್ಲಿ (ಅಂದರೆ ಸೀಟು ಖಾಲಿಯಾದಾಗ ಅಲ್ಲೇ ಬ್ರಾಂಚ್ ಬದಲಾಯಿಸಿಕೊಡುವಾಗ) ಮೊದಲು ಅವಳಿಗೇ ಕಂಪ್ಯೂಟರ್ ಸೈನ್ಸ್ ಸಿಗುತ್ತೆ, ತಗೊಳ್ಳದಿದ್ದರೆ ಲಿಸ್ಟ್‌ನಿಂದಲೇ ಹೆಸರು ಹೋಗುತ್ತೆ. ಸಂಜೆ ಐದರೊಳಗೆ ಹಣ ಕಟ್ಟಬೇಕು. ಆ ಗಡುವನ್ನು ಗಮನಿಸಿ. ಇನ್ನೊಬ್ಬರನ್ನು ಕೇಳಲು, ನಿಯಮ ಹುಡುಕಲು ಯಾರಿಗೂ ಪುರುಸೊತ್ತು ಸಿಗಬಾರದು ಅಂತಲೇ ಅಷ್ಟು ಕಡಿಮೆ ಸಮಯ ಕೊಡುತ್ತಾರೆ ಅನ್ನೋದು ನನ್ನ ಅನಿಸಿಕೆ. ಮೂರು ಲಕ್ಷಕ್ಕೂ ಜಾಸ್ತಿ ಹಣ ಕಟ್ಟಿದೆವು. ಮರುದಿನ ವೆರಿಫಿಕೇಷನ್‌ಗೆ ಕರೆದರು. ಹತ್ತನೇ ತರಗತಿ, ಪಿಯುಸಿ ಮಾರ್ಕ್ಸ್ ಕಾರ್ಡ್, ಟಿಸಿ ಎಲ್ಲವನ್ನೂ ನೋಡಿ ವಾಪಸ್ ಕೊಡಲಿಲ್ಲ, ಫೈಲಿಗೆ ಸೇರಿಸಿದರು. ಸ್ವೀಕೃತಿ ಕೇಳಿದ್ದಕ್ಕೆ ಒಂದು ಸಣ್ಣ ಚೀಟಿ ಬಂತು. ಸೀಲ್ ಇತ್ತು, ಸಹಿ ಇರಲಿಲ್ಲ.

ಸ್ಲೈಡಿಂಗ್ ಆಗಲೇ ಇಲ್ಲ. ಆಗುತ್ತೆ ಅಂತ ಎಲ್ಲೂ ಬರೆದುಕೊಟ್ಟಿರಲೂ ಇಲ್ಲ.

ಅಷ್ಟರಲ್ಲಿ ಕೆಇಎಯ ಎರಡನೇ ಸುತ್ತಿನಲ್ಲಿ ಮೈಸೂರಿನ ಒಂದು ಕಾಲೇಜಿನಲ್ಲಿ ಇನ್ಫರ್ಮೇಷನ್ ಸೈನ್ಸ್ ಬಂತು. ಸರ್ಕಾರಿ ಕೋಟಾ, ಫೀಸು ಅಲ್ಲಿಗಿಂತ ಎಷ್ಟೋ ಕಡಿಮೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸೀಟು ಹಂಚಿಕೆಯಾದ ಮೇಲೆ ಚಾಯ್ಸ್ ಆಯ್ಕೆ ಮಾಡಬೇಕು. ಒಂದನೇ ಚಾಯ್ಸ್ ಅಂದರೆ ಈ ಸೀಟು ಸಾಕು ಅಂತ. ಎರಡನೆಯದು ಅಂದರೆ ಇದು ಇರಲಿ, ಮುಂದಿನ ಸುತ್ತಿನಲ್ಲಿ ಇನ್ನೂ ಮೇಲಿನ ಆಪ್ಷನ್ ಸಿಕ್ಕರೆ ಅದು ಬರಲಿ ಅಂತ. ಮೂರನೆಯದು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇವೆ ಅಂತ. ನಾಲ್ಕನೆಯದು ಪೂರ್ತಿ ಹೊರಗೆ. ನಾವು ಒಂದನೆಯದನ್ನೇ ಒತ್ತಿ, ಶುಲ್ಕ ಕಟ್ಟಿ, ಪ್ರವೇಶ ಪತ್ರ ಇಳಿಸಿಕೊಂಡೆವು. ಇನ್ನು ಒರಿಜಿನಲ್ ಹಿಡಿದುಕೊಂಡು ಗಡುವಿನೊಳಗೆ ಮೈಸೂರಿನ ಕಾಲೇಜಿಗೆ ಹೋಗಿ ಹಾಜರಾಗಬೇಕಿತ್ತು. ಒರಿಜಿನಲ್ ಎಲ್ಲಿದ್ದವು? ಬೆಂಗಳೂರಿನ ಆ ಫೈಲಿನಲ್ಲಿ.

ಕೇಳಲು ಹೋದರೆ ಮೊದಲ ದಿನ 'ಕ್ಯಾನ್ಸಲೇಷನ್ ಅರ್ಜಿ ಕೊಡಿ, ಪ್ರೊಸೆಸ್ ಆಗಲಿ' ಅಂದರು. ಮರುದಿನ 'ರಿಜಿಸ್ಟ್ರಾರ್ ಇಲ್ಲ'. ಅದರ ಮರುದಿನ, 'ಓರಿಯಂಟೇಷನ್ ಆಗಿದೆ, ಈಗ ಬಿಟ್ಟರೆ ಫೀಸು ಬರಲ್ಲ'. ಕೌಂಟರಿನಲ್ಲಿದ್ದ ಹುಡುಗ ತುಂಬಾ ಮರ್ಯಾದೆಯಿಂದಲೇ ಮಾತಾಡಿದ. ಅದೇ ಇನ್ನೂ ಕಷ್ಟ. ಯಾರ ಮೇಲೆ ಅಂತ ಕೂಗಾಡೋದು?

ನಮ್ಮನ್ನು ಉಳಿಸಿದ್ದು ಒಂದು ಕಾಗದ. ಶುಲ್ಕ ವಾಪಸಾತಿ ಮತ್ತು ಮೂಲ ದಾಖಲೆಗಳನ್ನು ಇಟ್ಟುಕೊಳ್ಳಬಾರದು ಅನ್ನುವ ಬಗ್ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಅಕ್ಟೋಬರ್‌ನಲ್ಲಿ ಒಂದು ಅಧಿಸೂಚನೆ ಹೊರಡಿಸಿದೆ. ಡೀಮ್ಡ್ ವಿಶ್ವವಿದ್ಯಾಲಯಗಳಿಗೂ ಅನ್ವಯಿಸುತ್ತದೆ. ಪ್ರವೇಶದ ವೇಳೆ ಒರಿಜಿನಲ್‌ಗಳನ್ನು ಪರಿಶೀಲಿಸಿ ಅಲ್ಲೇ ವಾಪಸ್ ಕೊಡಬೇಕು, ಸಂಸ್ಥೆ ಇಟ್ಟುಕೊಳ್ಳಬೇಕಾದ್ದು ನಕಲುಗಳನ್ನು ಮಾತ್ರ. ಅದರ ಪ್ರಿಂಟ್ ತೆಗೆದು, ಆ ಸಾಲುಗಳ ಕೆಳಗೆ ಗೆರೆ ಎಳೆದು, ಇಮೇಲ್ ಕೂಡ ಕಳಿಸಿ, ರಿಪೋರ್ಟಿಂಗ್‌ನ ಕೊನೆಯ ದಿನ ಬೆಳಿಗ್ಗೆ ಅವರ ಆಫೀಸಿನ ಮುಂದೆ ಕೂತೆವು. ಅದುವರೆಗೆ 'ಪ್ರೊಸೆಸ್' ಆಗಬೇಕಿದ್ದ ಫೈಲು ಅರ್ಧ ಗಂಟೆಯಲ್ಲಿ ಹೊರಗೆ ಬಂತು. ಅಲ್ಲಿಂದ ಮೈಸೂರು ರಸ್ತೆಯ ಟ್ರಾಫಿಕ್ ದಾಟಿ ಕಾಲೇಜು ಮುಟ್ಟುವಾಗ ಕೌಂಟರ್ ಇನ್ನೂ ತೆರೆದಿತ್ತು. ಮಗಳಿಗೆ ಸೀಟು ಉಳಿಯಿತು.

ಹಣದ ಕಥೆ ಬೇರೆ. ಅದೇ ಅಧಿಸೂಚನೆಯ ಪ್ರಕಾರ, ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕಿಂತ ಮುಂಚೆ ಬಿಟ್ಟರೆ ಶೇ 100, 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ 90, ಕೊನೆಯ ದಿನಾಂಕ ಕಳೆದು 15 ದಿನದೊಳಗೆ ಶೇ 80, 15ರಿಂದ 30 ದಿನದ ನಡುವೆ ಶೇ 50 ವಾಪಸ್ ಕೊಡಬೇಕು. ಆಮೇಲೆ ಏನೂ ಇಲ್ಲ. ಶೇ 100ರ ಸಂದರ್ಭದಲ್ಲಿ ಪ್ರೊಸೆಸಿಂಗ್ ಅಂತ ಮುರಿದುಕೊಳ್ಳಬಹುದಾದದ್ದು ಫೀಸಿನ ಶೇ 5, ಅದೂ 5,000 ರೂಪಾಯಿ ಮೀರುವಂತಿಲ್ಲ. ಲೆಕ್ಕ ಹಾಕಬೇಕಾದ್ದು ಅಧಿಕೃತವಾಗಿ ಪ್ರಕಟಿಸಿದ ಕೊನೆಯ ದಿನಾಂಕದಿಂದ, ಓರಿಯಂಟೇಷನ್ ದಿನದಿಂದ ಅಲ್ಲ. ಕೆಲವು ವರ್ಷ ಯುಜಿಸಿ ಇನ್ನೂ ಉದಾರವಾಗಿದೆ. 2024-25ರಲ್ಲಿ ಸೆಪ್ಟೆಂಬರ್ 30ರವರೆಗೆ ಬಿಟ್ಟವರಿಗೆ ಪೂರ್ತಿ ಹಣ, ಅಕ್ಟೋಬರ್ 31ರವರೆಗೆ ಬಿಟ್ಟವರಿಗೆ ಗರಿಷ್ಠ 1,000 ರೂಪಾಯಿ ಮುರಿದು ಉಳಿದದ್ದು ಕೊಡಬೇಕು ಅಂತ ಹೇಳಿತ್ತು. ಹಾಗಾಗಿ ನಿಮ್ಮ ವರ್ಷದ ಸುತ್ತೋಲೆ ಹುಡುಕಿ ನೋಡಿ. ಇದು ಯಾವ ಅಡ್ಮಿಷನ್ ಕೌಂಟರಿನಲ್ಲೂ ಅಂಟಿಸಿರಲ್ಲ.

ನಮಗೆ ತಿಂಗಳುಗಟ್ಟಲೆ ಕಾದ ಮೇಲೆ ಹಣ ಬಂತು. ಪೂರ್ತಿ ಅಲ್ಲ. 'ಅಡ್ಮಿನಿಸ್ಟ್ರೇಟಿವ್', 'ಲರ್ನಿಂಗ್ ಪೋರ್ಟಲ್', 'ವೇಟಿಂಗ್ ಲಿಸ್ಟ್ ಸರ್ವೀಸ್' ಅಂತೆಲ್ಲ ಮುರಿದಿದ್ದರು. ವೇಟಿಂಗ್ ಲಿಸ್ಟ್‌ಗೂ ಸರ್ವೀಸ್ ಚಾರ್ಜ್ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ! ಗ್ರಾಹಕ ನ್ಯಾಯಾಲಯಕ್ಕೆ ಹೋಗಿ ಅಂತ ಸುಮಾರು ಜನ ಹೇಳಿದರು. ಆ ದಾರಿ ಅಷ್ಟು ಸಲೀಸಲ್ಲ. ಶಿಕ್ಷಣ ಸಂಸ್ಥೆಗಳು ಗ್ರಾಹಕ ಕಾನೂನಿನ ಕೆಳಗೆ ಬರಲ್ಲ ಅನ್ನುವ ಸುಪ್ರೀಂ ಕೋರ್ಟ್ ತೀರ್ಪುಗಳಿವೆ, 2010ರ ಸುರ್ಜೀತ್ ಕೌರ್ ಪ್ರಕರಣ ಅದರಲ್ಲೊಂದು. ನಾವು ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಹಾಕಿದೆವು. ಅಲ್ಲಿ ಕೆಲಸಕ್ಕೆ ಬಂದದ್ದು ಇಮೇಲ್ ಮಾತ್ರ. ಯಾವ ದಿನ ಕ್ಯಾನ್ಸಲ್ ಕೇಳಿದಿರಿ ಅನ್ನೋದಕ್ಕೆ ಅದೊಂದೇ ಸಾಕ್ಷಿ. ಕೌಂಟರಿನಲ್ಲಿ ಬಾಯಲ್ಲಿ ಹೇಳಿದ್ದು ಯಾವ ಲೆಕ್ಕಕ್ಕೂ ಬರಲ್ಲ, ಆದ್ದರಿಂದ ಬಿಡಬೇಕು ಅಂತ ತೀರ್ಮಾನವಾದ ಗಂಟೆಯಲ್ಲೇ ಬರೆದು ಕಳಿಸಿಬಿಡಿ.

ಡೀಮ್ಡ್ ಅಲ್ಲದೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೆಳಗಿನ ಕಾಲೇಜಾದರೆ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ನಿಯಮ ನೋಡಿ. ಅಲ್ಲಿ ಕೊನೆಯ ದಿನಾಂಕಕ್ಕೆ ಮುಂಚೆ ಬಿಟ್ಟರೆ ಮುರಿಯಬಹುದಾದ್ದು 1,000 ರೂಪಾಯಿ ಅಷ್ಟೇ.

ಇನ್ನೊಂದು ವಿಷಯ, ಇದು ನನಗೆ ಈಗಲೂ ಮೈ ಜುಮ್ ಅನಿಸುತ್ತೆ. ಹೆಸರು ವೇಟಿಂಗ್ ಲಿಸ್ಟ್‌ಗೆ ಬಂದ ವಾರದಲ್ಲೇ ಗುರುತಿಲ್ಲದ ಒಬ್ಬ ಫೋನ್ ಮಾಡಿದ. ಮಗಳ ಹೆಸರು, ಅಪ್ಲಿಕೇಷನ್ ನಂಬರು, ಸಿಇಟಿ ರ‍್ಯಾಂಕು ಎಲ್ಲಾ ಅವನ ಹತ್ತಿರ ಇತ್ತು. ಲಿಸ್ಟ್‌ನಲ್ಲಿ ಮೇಲೆ ತರ್ತೀನಿ, ಅರ್ಧ ಈಗ ಅರ್ಧ ಆಮೇಲೆ, ಕ್ಯಾಷ್ ಮಾತ್ರ ಅಂದ. ನಾವು ಫೋನ್ ಇಟ್ಟುಬಿಟ್ಟೆವು. ನಮ್ಮ ಪರಿಚಯದ ಒಂದು ಮನೆಯವರು ಕೊಟ್ಟರು. ಅವರ ಮಗನ ಹೆಸರು ಲಿಸ್ಟ್‌ನಲ್ಲಿ ಇದ್ದಲ್ಲೇ ಇತ್ತು, ಆ ಮನುಷ್ಯನ ಫೋನ್ ಸ್ವಿಚ್ ಆಫ್. ಕ್ಯಾಪಿಟೇಷನ್ ಶುಲ್ಕವನ್ನು (ಸೀಟಿಗಾಗಿ ನಿಗದಿತ ಫೀಸಿಗಿಂತ ಹೆಚ್ಚಾಗಿ ಪಡೆಯುವ ಹಣ) ನಿಷೇಧಿಸಿ ಕರ್ನಾಟಕ 1984ರಲ್ಲೇ ಕಾಯ್ದೆ ಮಾಡಿದೆ. ಹೀಗಾಗಿ ರಸೀದಿ ಇಲ್ಲದೆ ಕೊಟ್ಟ ಹಣವನ್ನು ಕೇಳಲು ಪೊಲೀಸರ ಬಳಿ ಹೋಗಲೂ ಅವರಿಗೆ ಹೆದರಿಕೆ. 2024ರ ಕೊನೆಯಲ್ಲಿ ಕೆಇಎ ಸೀಟುಗಳನ್ನೇ ಬ್ಲಾಕ್ ಮಾಡಿದ (ಸೇರುವ ಉದ್ದೇಶವಿಲ್ಲದವರ ಹೆಸರಲ್ಲಿ ಹಿಡಿದಿಟ್ಟ) ಜಾಲವನ್ನು ಮಲ್ಲೇಶ್ವರಂ ಪೊಲೀಸರು ಹಿಡಿದದ್ದು ನೆನಪಿದೆಯಲ್ವಾ? ಸೀಟು ಮಾರುವವರಿಗೆ ಈ ಋತುವಿನಲ್ಲಿ ನಿಮ್ಮ ಆತಂಕವೇ ಬಂಡವಾಳ.

ವೇಟಿಂಗ್ ಲಿಸ್ಟ್‌ನಲ್ಲಿ ಇರಬೇಡಿ ಅಂತ ನಾನು ಹೇಳ್ತಿಲ್ಲ. ಇರಿ. ಆದರೆ ಕೆಇಎ ಮತ್ತು ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಒಕ್ಕೂಟದ ಸೀಟು ಹಂಚಿಕೆ) ಸುತ್ತುಗಳು ಮುಗಿಯುವವರೆಗೆ ಒರಿಜಿನಲ್ ನಿಮ್ಮ ಬೀರುವಿನಲ್ಲೇ ಇರಲಿ. 'ಸ್ಲೈಡಿಂಗ್ ಆಗುತ್ತೆ' ಅಂದರೆ ಅದನ್ನು ಇಮೇಲ್‌ನಲ್ಲಿ ಬರೆಯಿರಿ ಅಂತ ಕೇಳಿ. ಕೇಳಿದ ತಕ್ಷಣ ಅವರ ದನಿ ಬದಲಾದರೆ ಅದೇ ಉತ್ತರ. ಹಣ ಕಟ್ಟಲೇಬೇಕಾದರೆ ಪ್ರವೇಶದ ಕೊನೆಯ ದಿನಾಂಕ ಯಾವುದು ಅಂತ ಮೊದಲು ಲಿಖಿತವಾಗಿ ತರಿಸಿಕೊಳ್ಳಿ. ನಮ್ಮ ಉಳಿದ ಹಣದ ದೂರು ಇನ್ನೂ ಇತ್ಯರ್ಥ ಆಗಿಲ್ಲ.