ಏರ್ ಟ್ರ್ಯಾಕ್ಟರ್ ಎಟಿ-802: ಹಲವು ಬೇಸಿಗೆಗಳ ಬಳಕೆಯ ನಂತರ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಒಳನಾಡಿನಲ್ಲಿ ಹತ್ತಿ, ಗೋಧಿ ಹೊಲಗಳಿಗೆ ಔಷಧ ಸಿಂಪಡಿಸಲು ಮತ್ತು ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಮೇಲೆ ನೀರು ಸುರಿಯಲು ಈ ವಿಮಾನವನ್ನು ಹಾರಿಸುತ್ತ ಬಂದಿರುವ ನನಗೆ ಎಲ್ಲಕ್ಕಿಂತ ಹಿಡಿಸಿರುವುದು ಎಡಗೈಗೆ ಸಿಗುವ, ಹೊರೆ ಸುರಿಯುವ ಹಿಡಿಕೆ. ಹಾಪರ್, ಅಂದರೆ ಹೊರೆ ಹೊರುವ ತೊಟ್ಟಿ, ತುಂಬಿದಾಗ ಅದರಲ್ಲಿರುವ ಸುಮಾರು 3,000 ಲೀಟರ್ ನೀರು ಹೆಚ್ಚುಕಡಿಮೆ ಖಾಲಿ ವಿಮಾನದಷ್ಟೇ ತೂಗುತ್ತದೆ. ಬಿಸಿಲು 40 ಡಿಗ್ರಿ ದಾಟಿದ ಮಧ್ಯಾಹ್ನ ಗಾಳಿ ತೆಳುವಾಗಿ, ರೆಕ್ಕೆಯ ಎತ್ತುವ ಬಲವೂ ಎಂಜಿನ್ನಿನ ಶಕ್ತಿಯೂ ಕುಗ್ಗುವುದರಿಂದ, ಬೆಳಿಗ್ಗೆ ಧಾರಾಳವಾಗಿದ್ದ ಮಣ್ಣಿನ ರನ್‌ವೇ ಅದೇ ಹೊರೆಗೆ ಸಾಲದಾಗುತ್ತದೆ. ಆಗ ಏರಿಕೆ ಮಂದವಾಗಿದೆ ಎನಿಸಿದ ಕ್ಷಣ ಹಿಡಿಕೆಗೆ ಕೈಹಾಕಿದರೆ ಕೆಲವೇ ಸೆಕೆಂಡುಗಳಲ್ಲಿ ಹಾಪರ್ ಬರಿದಾಗುತ್ತದೆ. ಮೂತಿ ಥಟ್ಟನೆ ಮೇಲೇಳುತ್ತದೆ. ಬಲಗೈ ವಿಮಾನ ನಡೆಸುವ ಸ್ಟಿಕ್ಕನ್ನು ಮುಂದಕ್ಕೆ ಒತ್ತಿ ಹಿಡಿದಿರಬೇಕು. ತಂತಿ ಕತ್ತರಿಸುವ ಸಾಧನ ಗಾಜಿನ ಮುಂದೆ ಇದೆಯಾದರೂ ನಾನು ಅದನ್ನು ನೆಚ್ಚುವುದಿಲ್ಲ. ವಿದ್ಯುತ್ ತಂತಿ ಕಣ್ಣಿಗೆ ಬೀಳುವುದಿಲ್ಲ, ಕಂಬ ಬೀಳುತ್ತದೆ. ಆದ್ದರಿಂದ ಮೊದಲ ಸುತ್ತು ಕಂಬ ಹುಡುಕುವುದಕ್ಕೇ ಮೀಸಲು.

ಸಂಜೆಯ ತೊಳೆಯುವ ಕೆಲಸವನ್ನು ನಾನು ಯಾರಿಗೂ ಬಿಡುವುದಿಲ್ಲ. ಪಕ್ಕದ ಹೊದಿಕೆಗಳನ್ನು ಕಳಚಿದರೆ ಉಕ್ಕಿನ ಕೊಳವೆಗಳ ಚೌಕಟ್ಟು ಪೂರ್ತಿ ಕಾಣುತ್ತದೆ. ಕೊಳವೆಗಳು ಕೂಡುವ ಮೂಲೆಗಳಲ್ಲಿ ಗೊಬ್ಬರದ ಬಿಳಿ ಪುಡಿ, ಬೆಂಕಿ ತಡೆಯುವ ದ್ರಾವಣದ ಕೆಂಪು ಕಲೆ ಕುಳಿತಿರುತ್ತದೆ. ಅದು ಬೆರಳಿಗೆ ಹತ್ತದವರೆಗೆ ನೀರು ಬಿಟ್ಟು, ಒರೆಸಿ, ಬೆಳಕು ಹಿಡಿದು ನೋಡುತ್ತೇನೆ.

ಇಷ್ಟು ಕಾಳಜಿಗೆ ಕಾರಣವಿದೆ. 2013ರ ಅಕ್ಟೋಬರ್‌ನಲ್ಲಿ ಇದೇ ರಾಜ್ಯದ ಅಲ್ಲಡಲ್ಲಾ ಬಳಿ ಕಾಳ್ಗಿಚ್ಚು ನಂದಿಸಲು ಹೋಗಿದ್ದ ಡ್ರೊಮೇಡರ್ ವಿಮಾನದ ರೆಕ್ಕೆ ಹಾರಾಟದಲ್ಲೇ ಕಳಚಿ ಪೈಲಟ್ ಮೃತಪಟ್ಟರು. ರೆಕ್ಕೆಯ ಜೋಡಣೆಯಲ್ಲಿ ತುಕ್ಕಿನ ಕುಳಿಯಿಂದ ಹುಟ್ಟಿದ ಬಿರುಕು ತನಿಖೆಯಲ್ಲಿ ಪತ್ತೆಯಾಯಿತು. ಅದು ಬೇರೆ ಕಂಪನಿಯ ವಿಮಾನ, ನಿಜ. ಆದರೆ ಏರ್ ಟ್ರ್ಯಾಕ್ಟರ್‌ಗಳ ರೆಕ್ಕೆಯ ಭಾರ ಹೊರುವ ಮುಖ್ಯ ತೊಲೆಯಾದ ಸ್ಪಾರ್‌ನಲ್ಲೂ ಬಿರುಕುಗಳು ಕಂಡುಬಂದು, ತಪಾಸಣೆ ಮತ್ತು ಆಯುಷ್ಯದ ಮಿತಿಯ ಬಗ್ಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಆದೇಶಗಳನ್ನು ಹೊರಡಿಸಿದೆ. ತುಂಬು ಹೊರೆಯಲ್ಲಿ ಏಳುವುದು, ಬೆಂಕಿಯ ಮೇಲಿನ ಬಿಸಿಗಾಳಿಯ ಹೊಡೆತ, ಸುರಿದೊಡನೆ ಮೇಲಕ್ಕೆ ಚಿಮ್ಮುವುದು, ಇವೆಲ್ಲದರ ದಣಿವು ಆ ಒಂದು ಲೋಹದ ತೊಲೆಗೇ ಸೇರುತ್ತದೆ. ನನ್ನನ್ನು ಕೆರಳಿಸಿದ್ದು ಈ ವಿಮಾನದ ಹಿಂದಿನ ಒಡೆಯರ ದಾಖಲೆ ಪುಸ್ತಕ. ಹಾರಿದ ಗಂಟೆಗಳಿದ್ದವು, ಅವುಗಳಲ್ಲಿ ಬೆಂಕಿಗೆಷ್ಟು, ಹೊಲಕ್ಕೆಷ್ಟು ಎಂಬುದಿರಲಿಲ್ಲ. ಹೀಗಾಗಿ ನಾನು ಅತಿ ಕಠಿಣ ಬಳಕೆಯೆಂದೇ ಲೆಕ್ಕ ಹಿಡಿದು, ತಪಾಸಣೆಗಳನ್ನು ಬೇಗಬೇಗ ಮಾಡಿಸಬೇಕಾಗಿದೆ. ಒಂದೇ ವಿಮಾನ ಇಟ್ಟುಕೊಂಡವರಿಗೆ ಆ ಖರ್ಚಿಗಿಂತಲೂ ವಿಮಾನ ಹ್ಯಾಂಗರ್‌ನಲ್ಲಿ ನಿಲ್ಲುವ ದಿನಗಳೇ ಭಾರ.

ಹಳೆಯ 802 ಕೊಳ್ಳುವವರು ಎಂಜಿನ್ ನೋಡುವ ಮೊದಲು ಸ್ಪಾರ್ ತಪಾಸಣೆಯ ವರದಿ ಕೇಳಲಿ, ಕೊಡದಿದ್ದರೆ ಬೆಲೆಯ ಮಾತನ್ನೇ ಎತ್ತದಿರಲಿ.