ಮಾತಾ, ಮಣ್ಣಾ? ಎರಡು ಥೆರಪಿಗೂ ದುಡ್ಡು ಕೊಟ್ಟವಳ ಹೋಲಿಕೆ

ನನ್ನ ಓಟು ಮಣ್ಣಿಗೆ. ಅಂದರೆ ಆರ್ಟ್ಸ್ ಥೆರಪಿಗೆ. ಬಣ್ಣ, ಕಾಗದ, ಮಣ್ಣು, ಒಮ್ಮೊಮ್ಮೆ ಒಂದು ಡೋಲಕ್, ಇವನ್ನು ಮುಂದಿಟ್ಟುಕೊಂಡು ಮಾಡುವ ಚಿಕಿತ್ಸೆ ಅದು. ಎದುರುಬದುರು ಕೂತು ಮಾತಾಡುವ ಥೆರಪಿಯನ್ನೂ ತೆಗೆದುಕೊಂಡಿದ್ದೇನೆ, ಅದರಿಂದ ಲಾಭವೂ ಆಗಿದೆ. ಆದರೆ ಎರಡರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ನಾನು ಮಣ್ಣಿನ ಕಡೆ. ಈಚೆಗೆ ಪರಿಚಯದವರು "ಯಾವುದಕ್ಕೆ ಹೋಗಲಿ ಅಕ್ಕ?" ಅಂತ ಕೇಳುವುದು ಜಾಸ್ತಿಯಾಗಿದೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆದುಬಿಡುತ್ತಿದ್ದೇನೆ.

ಮೊದಲು ನನ್ನ ಕೇಸು ಏನು ಅಂತ ಹೇಳಬೇಕು, ಇಲ್ಲದಿದ್ದರೆ ಹೋಲಿಕೆ ಸುಮ್ನೆ. ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ವಿಮಾ ಏಜೆಂಟ್. ಹೋಟೆಲಿನ ಗಲ್ಲೆಯಲ್ಲಿ ಕೂರುವ ನಮ್ಮೂರ ಅಣ್ಣಂದಿರು, ಬ್ಯಾಂಕಿನವರು, ಸೊಸೈಟಿಯ ಮರಾಠಿ ಕಾಕೂಗಳು, ಇವರೇ ನನ್ನ ಗಿರಾಕಿಗಳು. ಮಾತೇ ಹೊಟ್ಟೆಪಾಡು. 2020, 2021ರ ಕೋವಿಡ್ ಹೊತ್ತಿನಲ್ಲಿ ನಾನೇ ಮಾಡಿಸಿದ್ದ ಪಾಲಿಸಿಗಳ ಡೆತ್ ಕ್ಲೇಮ್ ಫಾರಂಗಳನ್ನು ನಾನೇ ತುಂಬಿಸಬೇಕಾಯಿತು. ಒಬ್ಬರ ಹಿಂದೆ ಒಬ್ಬರು. ನಾಮಿನಿ ಹೆಸರು, ಮೃತರಿಗೆ ಏನಾಗಬೇಕು, ಸಾವಿನ ಕಾರಣ, ಕ್ಯಾನ್ಸಲ್ ಮಾಡಿದ ಚೆಕ್. ಆಗ ನನಗೆ ಏನೂ ಆಗಲಿಲ್ಲ. ಎಲ್ಲ ತಣ್ಣಗಾದ ಮೇಲೆ ಶುರುವಾಯಿತು. ರಾತ್ರಿ ಮೂರಕ್ಕೆ ಎಚ್ಚರ, ಎದೆ ಡವಡವ, ಲೋಕಲ್ ಟ್ರೈನಿನಲ್ಲಿ ಉಸಿರು ಕಟ್ಟಿದ ಹಾಗೆ. ಇಸಿಜಿ ನಾರ್ಮಲ್. ಥೈರಾಯ್ಡ್ ನಾರ್ಮಲ್. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಜಗಳ ಇರಲಿಲ್ಲ ನಿಜ, ನಿದ್ದೆಯೂ ಇರಲಿಲ್ಲ.

ಮೊದಲು ಹೋದದ್ದು ಮಾತಿಗೆ. ಥಾಣೆಯಲ್ಲಿ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್, 50 ನಿಮಿಷಕ್ಕೆ 1500 ರೂಪಾಯಿ. ಅವರು ಮಾಡಿದ್ದು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಅಮೆರಿಕದ ಡಾಕ್ಟರ್ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಪದ್ಧತಿ. ಏನು ನಡೆಯಿತು, ಆಗ ತಲೆಗೆ ಬಂದ ಯೋಚನೆ ಏನು, ಹೆದರಿಕೆ ನೂರಕ್ಕೆ ಎಷ್ಟು, ಆ ಯೋಚನೆಗೆ ಸಾಕ್ಷಿ ಏನಿದೆ, ಅದು ಸುಳ್ಳು ಅನ್ನಲು ಸಾಕ್ಷಿ ಏನಿದೆ. ಇಷ್ಟನ್ನೂ ಕಾಲಂ ಹಾಕಿ ಬರೆಯಬೇಕು. ಮುಂಬ್ರಾ ದಾಟುವಾಗ ಎದೆ ಹೊಡೆದುಕೊಂಡಿತು. ಯೋಚನೆ: ಹಾರ್ಟ್ ಅಟ್ಯಾಕ್. ಹೆದರಿಕೆ: 80. ವಿರುದ್ಧ ಸಾಕ್ಷಿ: ಪರ್ಸಿನಲ್ಲೇ ಇರುವ ಇಸಿಜಿ ರಿಪೋರ್ಟ್. ಹೀಗೆ ಬರೆಯುತ್ತಾ ಹೋದ ಹಾಗೆ 80 ಇದ್ದದ್ದು 30ಕ್ಕೆ ಇಳಿಯಿತು. ಟ್ರೈನಿನ ಗಾಬರಿ ಹೋದದ್ದು ಇದರಿಂದಲೇ. ಪ್ಯಾನಿಕ್‌ಗೆ, ಡಿಪ್ರೆಶನ್‌ಗೆ ಸಿಬಿಟಿ ಮೇಲೆ ನಡೆದಷ್ಟು ಸಂಶೋಧನೆ ಆರ್ಟ್ಸ್ ಥೆರಪಿ ಮೇಲೆ ನಡೆದಿಲ್ಲ. ಇದನ್ನು ನನ್ನ ಮೆಚ್ಚಿನದಕ್ಕಾಗಿ ಮುಚ್ಚಿಡುವುದಿಲ್ಲ.

ಆದರೆ ರಾತ್ರಿ ಮೂರರ ಎಚ್ಚರ ಹೋಗಲಿಲ್ಲ. ಕಾರಣ ನನ್ನ ನಾಲಿಗೆ. ಕೋವಿಡ್ ಕತೆಯನ್ನು ನಾನು ಎಷ್ಟು ಚೆನ್ನಾಗಿ ಹೇಳುತ್ತೇನೆ ಅಂದರೆ ಕೇಳುವವರು ಮರುಗಬೇಕಾದಲ್ಲಿ ಮರುಗುತ್ತಾರೆ, ನಗಬೇಕಾದಲ್ಲಿ ನಗುತ್ತಾರೆ. ಹೇಳುವ ನನಗೆ ಮಾತ್ರ ಏನೂ ಆಗುವುದಿಲ್ಲ. ಪಾಲಿಸಿ ವಿವರಿಸುವ ಹಾಗೆ ನನ್ನನ್ನೇ ವಿವರಿಸಿ, ಬಿಲ್ ಕೊಟ್ಟು ಬರುತ್ತಿದ್ದೆ. ಇದನ್ನು ಕಂಡುಹಿಡಿದದ್ದು ಆ ಸೈಕಾಲಜಿಸ್ಟೇ. "ನೀವು ಬೇರೆ ಯಾರದೋ ವಿಷಯ ಹೇಳಿದ ಹಾಗೆ ಹೇಳುತ್ತೀರಿ. ಕೈಗೆ ಕೆಲಸ ಕೊಡುವ ಕಡೆ ಹೋಗಿ ನೋಡಿ" ಅಂದರು. ತಮ್ಮ ಗಿರಾಕಿಯನ್ನು ಇನ್ನೊಬ್ಬರ ಹತ್ತಿರ ಕಳಿಸುವುದು ನಮ್ಮ ಲೈನಿನಲ್ಲಿ ನಾನು ಕಂಡಿಲ್ಲ!

ಹಾಗೆ ಹೋದದ್ದು ಬಾಂದ್ರಾಕ್ಕೆ, ಒಬ್ಬ ಆರ್ಟ್ಸ್ ಥೆರಪಿಸ್ಟ್ ಹತ್ತಿರ. ಒಂದೂವರೆ ಗಂಟೆ, 2000 ರೂಪಾಯಿ.

ಇಲ್ಲಿ ಮಾತೇ ಇಲ್ಲ ಅಂತ ತಿಳಿಯಬೇಡಿ. ಮೊದಲು ಎದ್ದು ನಿಂತು ಕೈಕಾಲು ಸಡಿಲ ಮಾಡುವುದು, ಆಮೇಲೆ ಬಣ್ಣವೋ ಮಣ್ಣೋ, ಕೊನೆಗೆ ಅದರ ಬಗ್ಗೆ ಮಾತು. ಮಾತು ಕೊನೆಗೆ ಬರುತ್ತದೆ ಅನ್ನುವುದೇ ವ್ಯತ್ಯಾಸ. ಥೆರಪಿಸ್ಟ್ ಒಂದು ವಿಷಯ ಹೇಳಿದರು, ನನಗೆ ಬಹಳ ಹಿಡಿಸಿತು. ಕಾರ್ಲ್ ರೋಜರ್ಸ್ ಅಂತ ಅಮೆರಿಕದ ದೊಡ್ಡ ಸೈಕಾಲಜಿಸ್ಟ್ ಇದ್ದರು. ಎದುರಿನವರ ಮಾತನ್ನು ತೀರ್ಪು ಕೊಡದೆ ಪೂರ್ತಿ ಕೇಳಿಸಿಕೊಳ್ಳುವುದೇ ಅರ್ಧ ಮದ್ದು ಅಂತ ನಂಬಿದವರು. ಅವರ ಮಗಳು ನ್ಯಾಟಲಿ ರೋಜರ್ಸ್ ಅಪ್ಪನ ಆ ಪದ್ಧತಿಗೇ ಕುಣಿತ, ಬಣ್ಣ, ಸ್ವರ, ಬರವಣಿಗೆ ಸೇರಿಸಿ ಎಕ್ಸ್‌ಪ್ರೆಸಿವ್ ಆರ್ಟ್ಸ್ ಥೆರಪಿ ಅಂತ ಬೆಳೆಸಿದರು. ಅಪ್ಪನದ್ದು ಮಾತು, ಮಗಳದ್ದು ಬಣ್ಣ ಅಂತ ನಾನು ನೆನಪಿಟ್ಟುಕೊಂಡಿದ್ದೇನೆ.

ಮೊದಲ ಸೆಷನ್‌ನಲ್ಲಿ ಒಂದು ದೊಡ್ಡ ಬಿಳಿ ಕಾಗದವನ್ನು ನೆಲಕ್ಕೆ ಟೇಪ್ ಹಚ್ಚಿ, ಆಯಿಲ್ ಪೇಸ್ಟಲ್ ಡಬ್ಬ ಕೊಟ್ಟರು. ಏನು ಬೇಕಾದರೂ ಬರೆಯಿರಿ ಅಂದರು. ನನ್ನ ಕೈ ಏನು ಬರೆಯಿತು ಗೊತ್ತಾ? ಫಾರಂ. ಸ್ಕೇಲ್ ಇಲ್ಲದೆ ನೇರ ಗೆರೆ ಎಳೆದು ಚೌಕ ಚೌಕ. ಬಾಯಿ ಎಂದಿನ ಹಾಗೆ ಜೋಕು ಹೇಳುತ್ತಿತ್ತು. ಅವರು ನಗಲಿಲ್ಲ. "ಇದರಲ್ಲಿ ಯಾವ ಚೌಕ ನಿಮಗೆ ತುಂಬಾ ಬಿಗಿ ಅನ್ನಿಸುತ್ತೆ?" ಅಂದರು. ಬೆರಳು ಕೆಳಗಿನ ಒಂದು ಚೌಕಕ್ಕೆ ಹೋಯಿತು. ಸಹಿ ಹಾಕುವ ಜಾಗ. ಅಲ್ಲಿಗೆ ಯಾವ ಬಣ್ಣ ಅಂದರು. ಕಂದು ತೆಗೆದುಕೊಂಡು ತಿಕ್ಕಿದೆ. ಪೇಸ್ಟಲ್ ತುಂಡಾಯಿತು, ತುಂಡಿನಿಂದಲೇ ತಿಕ್ಕಿದೆ. ಕಾಗದ ಹರಿಯಿತು. ಭುಜ ಸೋತು ಕೈ ನಿಲ್ಲಿಸಿದಾಗ ಅಳುತ್ತಿದ್ದೆ. ಒಬ್ಬಳು ಹುಡುಗಿ ಇದ್ದಳು, ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಗಂಡನ ಕ್ಲೇಮ್ ಫಾರಂಗೆ ಸಹಿ ಹಾಕುವಾಗ ಪೆನ್ನು ಹಿಡಿದುಕೊಂಡೇ "ಅಕ್ಕ, ಹಳೇ ಹೆಸರು ಹಾಕಲಾ, ಹೊಸದಾ?" ಅಂತ ಕೇಳಿದ್ದಳು. ಥಾಣೆಯಲ್ಲಿ ಅಷ್ಟೆಲ್ಲ ಮಾತಾಡಿದರೂ ಆ ಹುಡುಗಿಯ ವಿಷಯ ಒಮ್ಮೆಯೂ ಬಾಯಿಗೆ ಬಂದಿರಲಿಲ್ಲ.

ಕಂದು ಅಂದರೆ ದುಃಖ, ಕಪ್ಪು ಅಂದರೆ ಭಯ ಅಂತೆಲ್ಲ ಅರ್ಥ ಹೇಳಲಿಲ್ಲ ಅವರು. ಹಾಗೆ ಭವಿಷ್ಯ ಹೇಳುವ ಧಾಟಿಯಲ್ಲಿ ಮಾತಾಡುವವರು ಸಿಕ್ಕರೆ ಎದ್ದು ಬನ್ನಿ.

ಇನ್ನು ತಾಪತ್ರಯಕ್ಕೆ ಬರುತ್ತೇನೆ. ಆರ್ಟ್ಸ್ ಥೆರಪಿಯ ದೊಡ್ಡ ತಲೆನೋವು ಫೀಸಲ್ಲ, ನಾಚಿಕೆಯೂ ಅಲ್ಲ. ಬರೆದ ಚಿತ್ರವನ್ನು ಏನು ಮಾಡುವುದು ಅನ್ನುವುದು. ಚಿತ್ರ ನಿಮ್ಮದು, ಅದರಲ್ಲಿ ಇರುವುದು ಗುಟ್ಟು, ನೀವು ಹೇಳದೆ ಯಾರಿಗೂ ತೋರಿಸುವ ಹಾಗಿಲ್ಲ. ಸರಿ. ಸ್ವಂತ ಜಾಗ ಇರುವ ಥೆರಪಿಸ್ಟ್ ಆದರೆ ಪ್ರತಿಯೊಬ್ಬರಿಗೂ ಒಂದು ಫೋಲ್ಡರ್ ಮಾಡಿ ಕಪಾಟಿನಲ್ಲಿ ಬೀಗ ಹಾಕಿ ಇಡುತ್ತಾರೆ. ಬಾಂದ್ರಾದಲ್ಲಿ ಸ್ವಂತ ಜಾಗ ಯಾರಿಗಿದೆ ಹೇಳಿ? ಇವರದ್ದು ಗಂಟೆ ಲೆಕ್ಕದ ಬಾಡಿಗೆ ಕೋಣೆ. ನನ್ನ ನಂತರ ಅಲ್ಲಿ ಯೋಗ ಕ್ಲಾಸು. ಕಪಾಟು ಇಲ್ಲ. "ಮನೆಗೆ ತೆಗೆದುಕೊಂಡು ಹೋಗಿ, ಮುಂದಿನ ಸಲ ತನ್ನಿ" ಅಂದರು.

ಅಂದರೆ ಸಂಜೆ ಪೀಕ್ ಅವರ್‌ನಲ್ಲಿ ಬಾಂದ್ರಾದಿಂದ ದಾದರ್, ಅಲ್ಲಿ ಸೇತುವೆ ಹತ್ತಿ ಇಳಿದು ಸೆಂಟ್ರಲ್ ಲೈನ್, ಕಲ್ಯಾಣ್ ಫಾಸ್ಟ್, ಲೇಡೀಸ್ ಡಬ್ಬ. ಒಂದು ಹೆಗಲಲ್ಲಿ ಪಾಲಿಸಿ ಫೈಲುಗಳ ಚೀಲ, ಇನ್ನೊಂದು ಕೈಯಲ್ಲಿ ಸುರುಳಿ ಸುತ್ತಿದ, ಇನ್ನೂ ಪೂರ್ತಿ ಒಣಗದ ಪೇಂಟಿಂಗ್. ಆ ಡಬ್ಬದಲ್ಲಿ ಸ್ವಂತ ಕೈ ಎಲ್ಲಿದೆ ಅಂತ ಗೊತ್ತಾಗುವುದೇ ಕಷ್ಟ. ಮೇಲಿನ ರ‍್ಯಾಕ್‌ನಲ್ಲಿ ಇಟ್ಟರೆ ಯಾರದೋ ಟಿಫಿನ್ ಡಬ್ಬ ಅದರ ಮೇಲೆ. ಒಂದು ದಿನ ಘಾಟ್ಕೋಪರ್‌ನಲ್ಲಿ ಹತ್ತಿದ ಗುಂಪು ಸುರುಳಿಯನ್ನು ಚಪ್ಪಟೆ ಮಾಡಿತು. ಎದುರು ಕೂತು ಗವಾರ್ ಕಾಯಿ ಮುರಿಯುತ್ತಿದ್ದ ಮರಾಠಿ ಮಾವಶಿ ಅದನ್ನು ಬಿಡಿಸಿ ನೇರ ಮಾಡಿಕೊಡಲು ಹೋದರು. ಪಾಪ, ಉಪಕಾರಕ್ಕೇ. ಇಡೀ ಸೀಟಿನವರು ನೋಡಿದರು. "ಮಗಳ ಶಾಲೆಯ ಪ್ರಾಜೆಕ್ಟಾ?" ಅಂತ ಕೇಳಿದರು. ಹೌದು ಅಂದೆ. ನನ್ನ ಮಗಳು ಬಿಕಾಂ ಓದುತ್ತಿದ್ದಾಳೆ.

ಮನೆ ತಲುಪಿದರೆ ಇನ್ನೊಂದು ಸರ್ಕಸ್ಸು. ನಮ್ಮದು ಒನ್ ಬಿಎಚ್‌ಕೆ, ನಾಲ್ಕು ಜನ. ಕಪಾಟಿನ ಮೇಲೆ ಸೂಟ್‌ಕೇಸ್, ಮಂಚದ ಕೆಳಗೆ ಅಕ್ಕಿ ಡಬ್ಬ. ಗೋದ್ರೆಜ್ ಬೀರುವಿನ ಹಿಂದಿನ ಸಂದಿಯಲ್ಲಿ ಇಟ್ಟೆ. ಮಳೆಗಾಲದಲ್ಲಿ ಗೋಡೆ ಒಸರಿತು, ಬಣ್ಣ ಇಳಿದು ಗೋಡೆಗೂ ಹತ್ತಿತು. ಅತ್ತೆ ಎಳೆದು ತೆಗೆದು, ಕನ್ನಡಕ ಹಾಕಿ ನೋಡಿ, "ಇದೆಂತ ಮಾರಾಯ್ತಿ, ಭೂತದ ಮುಖವಾ?" ಅಂದರು. ನಿಜ ಹೇಳಬೇಕೆಂದರೆ ಅದು ನನ್ನದೇ ಮುಖ.

ಚಿಕ್ಕ ಕಾಗದದಲ್ಲಿ ಬರೆದರಾಯಿತು ಅಂತ ಉಪಾಯ ಹುಡುಕಿದೆ. ಪರ್ಸಿಗೆ ಹಿಡಿಸುವ ಸೈಜಿನ ಪುಸ್ತಕ ತಂದೆ. ಆಗಲಿಲ್ಲ. ಚಿಕ್ಕ ಹಾಳೆ ಸಿಕ್ಕ ತಕ್ಷಣ ಕೈ ಅಂದವಾಗಿ ಬರೆಯಲು ಶುರು ಮಾಡುತ್ತದೆ, ಮತ್ತೆ ಚೌಕ, ಮತ್ತೆ ಗೆರೆ. ನನಗೆ ಭುಜ ಅಲ್ಲಾಡುವಷ್ಟು ಜಾಗ ಬೇಕು. ಫೋಟೋ ತೆಗೆದು ಕಾಗದ ಅಲ್ಲೇ ಬಿಟ್ಟು ಬರೋಣ ಅಂದರೆ, ಮರುದಿನ ಕೋಣೆ ಗುಡಿಸುವವರ ಕೈಗೆ ಸಿಗುತ್ತದಲ್ಲ ಅನ್ನುವ ಚಿಂತೆ.

ಕೊನೆಗೆ ಕಾಪಾಡಿದ್ದು ಶಾಡೂ ಮಣ್ಣು. ಗಣಪತಿ ಮೂರ್ತಿಗೆ ಇಲ್ಲಿ ಬಳಸುತ್ತಾರಲ್ಲ, ಅದೇ. ಥೆರಪಿಸ್ಟ್ ಒಂದು ಮುಚ್ಚಳದ ಬಕೆಟ್‌ನಲ್ಲಿ ತರುತ್ತಾರೆ. ಒಂದೂವರೆ ಗಂಟೆ ಕುಟ್ಟಿ, ತಟ್ಟಿ, ಏನೋ ಒಂದು ಮಾಡಿ, ಅದರ ಬಗ್ಗೆ ಮಾತಾಡಿ, ಪುನಃ ಕಲಸಿ ಬಕೆಟ್‌ಗೆ ಹಾಕಿ ಬರುವುದು. ಹೊತ್ತು ತರುವುದಿಲ್ಲ, ಅಡಗಿಸುವುದಿಲ್ಲ. ಕೈ ತೊಳೆದು ದಾದರ್ ಸೇತುವೆ ಹತ್ತಿದರಾಯಿತು. ನಾನು ಮಣ್ಣಿನ ಪಕ್ಷ ಸೇರಿದ್ದಕ್ಕೆ ಅರ್ಧ ಕಾರಣ ಸೆಂಟ್ರಲ್ ರೈಲ್ವೆ.

ಮಿಕ್ಕ ವಿಷಯಗಳು ಬೇಗ ಬೇಗ.

ಚಿತ್ರ ಬರೆಯಲು ಬರಬೇಕಾ? ಬೇಡ. ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2016ರಲ್ಲಿ 39 ಜನರಿಗೆ 45 ನಿಮಿಷ ಬಣ್ಣ, ಮಣ್ಣು ಕೊಟ್ಟು, ಮೊದಲೂ ಆಮೇಲೂ ಅವರ ಎಂಜಲಿನಲ್ಲಿ ಕಾರ್ಟಿಸೋಲ್ ಅನ್ನುವ ಒತ್ತಡದ ಹಾರ್ಮೋನ್ ಅಳೆದ ವರದಿ ಪ್ರಕಟಿಸಿದರು. ನೂರಕ್ಕೆ ಸುಮಾರು 75 ಜನರಲ್ಲಿ ಅದು ಇಳಿದಿತ್ತು. ಮೊದಲೇ ಕಲೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ವ್ಯತ್ಯಾಸ ಇರಲಿಲ್ಲ. ಚಿಕ್ಕ ಅಧ್ಯಯನ, ಅದನ್ನೇ ಹಿಡಿದು ರೋಗ ವಾಸಿಯಾಗುತ್ತದೆ ಅಂತ ಹೇಳುವ ಹಾಗಿಲ್ಲ. ನಾಚಿಕೆ ಬಿಡಲು ಸಾಕು.

"ಭಜನೆಗೆ ಹೋಗ್ತೀಯಲ್ಲ, ಅದು ಸಾಲದಾ?" ಅಂತ ನಮ್ಮ ಸಂಘದ ಅಕ್ಕ ಒಬ್ಬರು ಕೇಳಿದರು. ಭಜನೆಯಲ್ಲಿ ತಾಳ ತಪ್ಪಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಅಲ್ಲಿ ಚೆನ್ನಾಗಿ ಹಾಡಬೇಕು. ಇಲ್ಲಿ ಚೆನ್ನಾಗಿ ಮಾಡಬೇಕಾದ್ದು ಏನೂ ಇಲ್ಲ.

ಯಾರನ್ನು ನಂಬುವುದು? ಮಾತಿನ ಕಡೆ ಸುಲಭ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ನಂಬರ್ ಕೇಳಿ. ಆರ್ಟ್ಸ್ ಕಡೆ ಹಾಗೆ ಒಂದು ನಂಬರ್ ಕೇಳಿ ಮುಗಿಸಲು ಆಗುವುದಿಲ್ಲ. ಎಲ್ಲಿ ಕಲಿತಿರಿ, ಎಷ್ಟು ಗಂಟೆ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದಿರಿ, ನನಗೆ ತೀರಾ ಹೆಚ್ಚಾದರೆ ಯಾವ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸುತ್ತೀರಿ ಅಂತ ಕೇಳಿ. ಭಾನುವಾರದ ಕೆಫೆ ಪೇಂಟಿಂಗ್ ವರ್ಕ್‌ಶಾಪ್ ಥೆರಪಿ ಅಲ್ಲ, ಬೋರ್ಡಿನಲ್ಲಿ ಏನೇ ಬರೆದಿರಲಿ.

ಆನ್‌ಲೈನ್? ಮಾತಿಗೆ ಆಗುತ್ತದೆ, ಬಾಗಿಲು ಹಾಕಿಕೊಳ್ಳುವ ಕೋಣೆ ನಿಮಗಿದ್ದರೆ. ನಾನು ಬಿಲ್ಡಿಂಗಿನ ಟೆರೇಸ್ ಮೆಟ್ಟಿಲ ಮೇಲೆ ಕೂತು ಮಾಡಿದೆ, ಹಪ್ಪಳ ಒಣಗಿಸಲು ಬಂದವರೆಲ್ಲ ಕೇಳಿಸಿಕೊಂಡರು.

ವಿಮೆ ಬಗ್ಗೆ ನಾನೇ ಹೇಳದಿದ್ದರೆ ಹೇಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಂ ಪ್ರಕಾರ ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮಾ ಕಂಪನಿಗಳು ಕವರ್ ಕೊಡಬೇಕು. ಆದರೆ ಸಾಮಾನ್ಯ ಪಾಲಿಸಿ ದುಡ್ಡು ಕೊಡುವುದು ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ. ಸೆಷನ್‌ಗೆ ಹೋಗಿ ಬರುವುದು ಒಪಿಡಿ ಲೆಕ್ಕ. ಪಾಲಿಸಿಯಲ್ಲಿ ಒಪಿಡಿ ಇದೆಯಾ ನೋಡಿ, ಇದ್ದರೂ ಆರ್ಟ್ಸ್ ಥೆರಪಿ ಬಿಲ್ ಪಾಸಾಗುತ್ತದೆ ಅಂತ ನಂಬಿ ಕೂರಬೇಡಿ.

ದುಡ್ಡು ಇಲ್ಲವೇ ಇಲ್ಲ ಅನ್ನುವವರು ಮಾತಿಗೇ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಮಾತಿನ ಚಿಕಿತ್ಸೆಗೆ ದೊಡ್ಡ ಡಿಗ್ರಿಯವರೇ ಬೇಕು ಅಂತಲೂ ಇಲ್ಲ. ಪಕ್ಕದ ಗೋವಾದಲ್ಲಿ ಸಂಗತ್ ಸಂಸ್ಥೆಯವರು ಸ್ಥಳೀಯ ಜನರಿಗೇ ತರಬೇತಿ ಕೊಟ್ಟು, ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಡಿಪ್ರೆಶನ್ ಇದ್ದವರೊಂದಿಗೆ ಆರರಿಂದ ಎಂಟು ಸಲ ಕೂತು ಮಾತಾಡಿಸಿದರು. ಅದರಿಂದ ಗುಣ ಕಂಡಿತು ಅನ್ನುವ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮಣ್ಣಿನ ಕಡೆ ಇಷ್ಟು ಅಗ್ಗದ ದಾರಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಯಾರಿಗೆ ಯಾವುದು ಅಂತ ನನ್ನ ಲೆಕ್ಕ ಇಷ್ಟು. ಗಾಬರಿ ಒಂದು ನಿರ್ದಿಷ್ಟ ಜಾಗದಲ್ಲಿ, ನಿರ್ದಿಷ್ಟ ಹೊತ್ತಿನಲ್ಲಿ ಬರುತ್ತದೆ, ಬೇಗ ಹತೋಟಿಗೆ ಬರಬೇಕು ಅಂದರೆ ಸಿಬಿಟಿ. ಮನೆಯಲ್ಲಿ ಬಾಯಿ ಬಿಡಲು ಯಾರೂ ಇಲ್ಲ ಅನ್ನುವವರಿಗೂ ಮಾತೇ ಸರಿ. ನನ್ನ ಹಾಗೆ ವಕೀಲರು, ಟೀಚರ್‌ಗಳು, ಸೇಲ್ಸ್‌ನವರು, ಮಾತಾಡಿಯೇ ತಪ್ಪಿಸಿಕೊಳ್ಳುವ ಅಭ್ಯಾಸ ಇರುವವರು ಮಣ್ಣು ಮುಟ್ಟಿ ನೋಡಿ. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಈ ಹೋಲಿಕೆಯೆಲ್ಲ ಬದಿಗಿಟ್ಟು ಇವತ್ತೇ 14416ಕ್ಕೆ ಫೋನ್ ಮಾಡಿ, ಸೈಕಿಯಾಟ್ರಿಸ್ಟ್ ಹತ್ತಿರ ಹೋಗಿ.

ಈಗ ನಾನು ತಿಂಗಳಿಗೆ ಎರಡು ಸಲ ಬಾಂದ್ರಾ, ಟ್ರೈನಿನ ಗಾಬರಿ ಮರಳಿದರೆ ಮಾತ್ರ ಥಾಣೆ. ಮೂರು ಗಂಟೆಯ ಎಚ್ಚರ ಪೂರ್ತಿ ಹೋಗಿಲ್ಲ, ಅಪರೂಪವಾಗಿದೆ. ಮಾರ್ಚ್‌ನಲ್ಲಿ ಮಾತ್ರ ಎರಡಕ್ಕೂ ರಜೆ. ಟ್ಯಾಕ್ಸ್ ಉಳಿಸಲು ಎಲ್ಲರಿಗೂ ಪಾಲಿಸಿ ನೆನಪಾಗುವುದು ಆಗಲೇ, ನನ್ನ ವರ್ಷದ ಫೀಸು ಹುಟ್ಟುವುದೂ ಆಗಲೇ.